ಕೆಯೀಲದ ದಾವೀದ: ಮೊಲಿನಾನ ‘ಮಧ್ಯಜ್ಞಾನ’ದ ಒಂದು ಮರುಪರಿಶೀಲನೆ

ಅರಸ ಸೌಲನಿಂದ ತಲೆಮರೆಸಿಕೊಂಡು ಕೆಯೀಲದಲ್ಲಿದ್ದ ದಾವೀದನು ದೇವರಲ್ಲಿ ಎರಡು ವಿಷಯ ವಿಚಾರಿಸುತ್ತಾನೆ: ಸೌಲ ಇಲ್ಲಿಗೆ ಬರುವನೇ, ಊರವರು ನನ್ನನ್ನು ಅವನಿಗೆ ಒಪ್ಪಿಸುವರೇ? ಎರಡಕ್ಕೂ ಹೌದೆಂಬ ಉತ್ತರ ಸಿಗುತ್ತದೆ. ದಾವೀದ ಸುಮಾರು 600 ಜನರೊಡನೆ ಊರು ಬಿಡುತ್ತಾನೆ. ಸೌಲ ಬರುವುದೇ ಇಲ್ಲ (1 ಸಮುವೇಲ 23). ನಡೆಯದೆಹೋದದ್ದೂ ದೇವರಿಗೆ ತಿಳಿದಿತ್ತು ಎಂಬುದಕ್ಕೆ ಸ್ಪೇನಿನ ಯೇಸುಸಭೆಯ ಲೂಯಿಸ್ ದೆ ಮೊಲಿನಾ (1535–1600) ಈ ಪ್ರಸಂಗವನ್ನು ಆಧಾರವಾಗಿ ಹಿಡಿದ.

1588ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದ ಅವನ ‘ಕೊಂಕಾರ್ದಿಯಾ’ ದೇವರ ಅರಿವಿನಲ್ಲಿ ಮೂರು ಬಗೆಗಳನ್ನು ಗುರುತಿಸುತ್ತದೆ. ಸಾಧ್ಯವಿರುವುದೆಲ್ಲದರ ಅರಿವು ಒಂದು. ತನ್ನ ಸಂಕಲ್ಪದಿಂದ ಆಗಲಿರುವುದರ ಅರಿವು ಇನ್ನೊಂದು. ಇವೆರಡರ ನಡುವಿನದು ಮಧ್ಯಜ್ಞಾನ: ಯಾವ ಮನುಷ್ಯ ಯಾವ ಸಂದರ್ಭದಲ್ಲಿ ಸ್ವತಂತ್ರವಾಗಿ ಏನು ಮಾಡುತ್ತಾನೆಂಬುದನ್ನು ಸಂಕಲ್ಪಕ್ಕೆ ಮೊದಲೇ ತಿಳಿದಿರುವುದು. ಅದನ್ನರಿತೇ ದೇವರು ಸೃಷ್ಟಿಸುವುದರಿಂದ ಯಾವುದೂ ಅವನ ಆಳ್ವಿಕೆಯಿಂದ ಜಾರುವುದಿಲ್ಲ, ಆಯ್ಕೆಯಾದರೋ ಮನುಷ್ಯನದೇ.

ಡೊಮಿನಿಕನ್ ಪಂಡಿತ ದೊಮಿಂಗೊ ಬಾನ್ಯೆಸ್‌ಗೆ ಇದು ಮೂಲಕಾರಣನಾದ ದೇವರನ್ನೇ ಮನುಷ್ಯನ ಆಯ್ಕೆಗೆ ಅಧೀನಗೊಳಿಸಿದಂತೆ ಕಂಡಿತು. ದೇವರೇ ಮೊದಲು ಇಚ್ಛೆಯನ್ನು ಚಲಿಸುವಂತೆ ಮಾಡುತ್ತಾನೆ, ಇಚ್ಛೆ ತನ್ನ ಸ್ವಭಾವದಂತೆ ಸ್ವತಂತ್ರವಾಗಿಯೇ ಚಲಿಸುತ್ತದೆ ಎಂಬುದು ಅವನ ಪಕ್ಷ. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದರೂ 1607ರಲ್ಲಿ ಪೋಪ್ ಐದನೆಯ ಪೌಲ್ ಯಾರನ್ನೂ ಖಂಡಿಸದೆ, ಪರಸ್ಪರ ದೂಷಿಸಕೂಡದೆಂದು ವಿಧಿಸಿದ. ಇದನ್ನು ನುಣುಚಿಕೊಳ್ಳುವಿಕೆ ಎನ್ನಲು ನಾನು ಒಪ್ಪಲಾರೆ. ಎರಡೂ ಪಕ್ಷಗಳ ತೊಡಕು ನಿಜವಾದದ್ದು.

ಕೆಯೀಲದವರು ದಾವೀದನನ್ನು ಒಪ್ಪಿಸುತ್ತಿದ್ದರು ಎಂಬುದು ಯಾವುದರ ಬಲದಿಂದ ಸತ್ಯ? ದೇವರ ಸಂಕಲ್ಪದಿಂದ ಎನ್ನಲು ಮೊಲಿನಾ ಒಪ್ಪುವುದಿಲ್ಲ. ಆ ಜನರೋ ಹಾಗೆ ಮಾಡಲೇ ಇಲ್ಲ. 1977ರಲ್ಲಿ ತತ್ತ್ವಜ್ಞಾನಿ ರಾಬರ್ಟ್ ಆಡಮ್ಸ್ ಮತ್ತೆ ಹರಿತಗೊಳಿಸಿದ ಈ ಆಕ್ಷೇಪಕ್ಕೆ ಮೊಲಿನಾನಲ್ಲಿ ತೃಪ್ತಿಕರ ಉತ್ತರ ನನಗೆ ಸಿಗಲಿಲ್ಲ. ದಾವೀದನಿಗೆ ಸಿಕ್ಕ ಉತ್ತರವು ಊರವರ ಮನಸ್ಸಿನಲ್ಲಿ ಆಗಲೇ ಇದ್ದ ಇರಾದೆಯನ್ನಷ್ಟೇ ತಿಳಿಸಿತೆಂದು ಓದಲೂ ಬರುತ್ತದೆ. ಬಾನ್ಯೆಸನ ಮಾರ್ಗದಲ್ಲಿರುವ ತೊಡಕು ಇನ್ನೂ ಭಾರವಾದದ್ದು: ಒಳಿತಿನತ್ತ ಚಲಿಸಲ್ಪಡದವನ ಪಾಪಕ್ಕೆ ಹೊಣೆ ಯಾರು?

ಆದ್ದರಿಂದ ಕೆಯೀಲದವರಿಗಿಂತ ದಾವೀದನತ್ತ ನೋಡುವುದು ಫಲಕಾರಿ. ದೈವೋಕ್ತಿ ಅವನಿಗೆ ನೆರವಾಗಿ ಬಂತು, ಅವನು ಎದ್ದು ಹೊರಟ. ಕೇಳಿದ ಮೇಲೂ ಅಲ್ಲೇ ಉಳಿಯಬಹುದಿತ್ತೇ? ಅದೇ ನೆರವಿದ್ದೂ ಉಳಿಯಬಹುದಿತ್ತು ಎಂಬುದು ಮೊಲಿನಾನ ನಿಲುವಿಗೆ ಹೊಂದುವ ಉತ್ತರ. ಉಳಿಯುವ ಶಕ್ತಿ ಅವನಲ್ಲಿತ್ತು, ಆದರೆ ದೇವರು ಹೊರಡುವಂತೆ ಅವನ ಇಚ್ಛೆಯನ್ನು ಚಲನೆಗೊಳಿಸಿದಾಗ ಅದು ಕೃತಿಯಾಗುತ್ತಿರಲಿಲ್ಲ ಎಂಬುದು ಬಾನ್ಯೆಸನದಕ್ಕೆ.