ಎರೆ ಹೊಲದಾಗ ರಾಕೆಟ್

ಆರ್‌ಪಿಜಿ-7 ಅಂದ್ರೆ ನಮ್ಮ ಜಮಾನಾದವರಿಗೆ ವಿಡಿಯೋ ಗೇಮ್ ನೆನಪು. ಹೆಗಲ ಮೇಲೆ ಕೊಳವೆ, ಎದುರಿಗೆ ಟ್ಯಾಂಕು. 1961ರಲ್ಲಿ ಸೋವಿಯತ್ ಸೈನ್ಯಕ್ಕೆ ಸೇರಿದ ಅಸ್ತ್ರ. ಆದ್ರೆ ಕಾಲಾಳಿನ ಕೈಗೆ ಫಿರಂಗಿಯ ಬಲ ಕೊಡೋ ಆಸೆ ಹಳೇದು. ಟಿಪ್ಪುವಿನ ರಾಕೆಟ್ ದಳದ್ದೂ ಅದೇ ಲೆಕ್ಕ. ಕಬ್ಬಿಣದ ಕೊಳವೆ ಮದ್ದಿನ ಒತ್ತಡ ತಡೀತಿತ್ತು, ಅದಕ್ಕೇ ದೂರ ಹಾರ್ತಿತ್ತು. ಬಿದಿರು ಕೋಲಿಗೆ ಕಟ್ಟಿದ್ರೆ ಆಯ್ತು, ಎಳೆಯೋಕೆ ಎತ್ತು ಬೇಡ.

1786ರ ಮಳೆಗಾಲದಲ್ಲಿ, ತುಂಬಿದ ತುಂಗಭದ್ರೆ ದಾಟಿ ಟಿಪ್ಪು ಸವಣೂರಿನ ಕಡೆ ಬಂದ. ನಮ್ಮ ಕಡೆಯ ಎರೆ ಹೊಲ ತುಳಿದವರಿಗೆ ಗೊತ್ತು, ಆ ಕೆಸರಿನಲ್ಲಿ ಫಿರಂಗಿ ಗಾಡಿಯ ಪಾಡು ಏನಂತ! ಅಕ್ಟೋಬರಿನಲ್ಲಿ ಊರು ಅವನ ಕೈಸೇರಿತು. ಅಷ್ಟರಲ್ಲಿ ನವಾಬ ಅಬ್ದುಲ್ ಹಕೀಂ ಖಾನ್ ಊರು ಬಿಟ್ಟು ಮರಾಠರ ಪಾಳೆಯ ಸೇರಿದ್ದ. ಈ ನವಾಬ ಬೇರೆ ಯಾರೂ ಅಲ್ರೀ, ಬೀಗ. ಏಳು ವರ್ಷದ ಹಿಂದಷ್ಟೇ ಹೈದರ್ ತನ್ನ ಮಗಳನ್ನು ಇವನ ಮಗನಿಗೆ ಕೊಟ್ಟಿದ್ದ.