ಕೂಟಶಾಸನ, ಸಂದೇಹ, ತಿದ್ದುಪಡಿ: 1915ರ ಎರಡು ಪ್ರಕಟಣೆಗಳನ್ನು ಕುರಿತು

ಕಳೆದ ರಜೆಯಲ್ಲಿ ನಾವು ದೇವದುರ್ಗ ತಾಲ್ಲೂಕಿನ ಮಸರಕಲ್ಲಿಗೆ ಹೋಗಿದ್ದೆವು. ನಮ್ಮ ಗುರುಮಠದ ವಿದ್ಯಾರ್ಥಿಯೊಬ್ಬರ ಊರು ಅದು. ಅವರ ತಾಯಿಯ ತವರು ಮುದಗಲ್ಲು. ಈ ಪತ್ರಿಕೆಗೆಂದು ಅವರು ಬರೆದುಕೊಟ್ಟಿದ್ದ ಪ್ರಬಂಧವೂ ಮುದಗಲ್ಲಿನ ಕಥೋಲಿಕ ಸಮುದಾಯದ ಆರಂಭವನ್ನು ಕುರಿತದ್ದೇ. ಅಲ್ಲಿಯ ದೇವಾಲಯವು 1557ರಲ್ಲಿ ಸ್ಥಾಪಿತವಾಯಿತು ಎಂಬುದು ಅದರ ಮೊದಲ ವಾಕ್ಯ. ಆ ವಾಕ್ಯಕ್ಕೆ ಆಧಾರವಾಗಿ ಮೂರು ಪುಸ್ತಕಗಳನ್ನು ಹೆಸರಿಸಲಾಗಿತ್ತು. ಮೂರನ್ನೂ ತರಿಸಿ ನೋಡಿದೆವು. ಒಂದರಲ್ಲಿಯೂ ಮೂಲಪತ್ರದ ಉಲ್ಲೇಖವಿರಲಿಲ್ಲ. ವಿಷಯವನ್ನು ತಿಳಿಸಿದಾಗ ವಿದ್ಯಾರ್ಥಿಯು ಕೊಂಚ ನೊಂದು, "ಫಾದರ್, ಎಲ್ಲರೂ ಹಾಗೆಯೇ ಬರೆದಿದ್ದಾರಲ್ಲ?" ಎಂದರು.

ಆ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆ ಸೀಮೆಯಲ್ಲಿಯೇ, ಮಸರಕಲ್ಲಿನಿಂದ ದಕ್ಷಿಣಕ್ಕೆ ನಡೆದರೆ ಸಿಕ್ಕುವ ಮಸ್ಕಿಯಲ್ಲಿ, ಹೆಚ್ಚು ಸಮರ್ಪಕವಾದ ಉತ್ತರವೊಂದು ಬಂಡೆಯ ಮೇಲಿದೆ ಎಂಬುದು ಹಿಂದಿರುಗಿ ಬಂದ ಮೇಲೆ ಹೊಳೆಯಿತು.

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತ ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮೀ ಲಿಪಿಯ ಬರಹವೊಂದನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದನು. ಮಸ್ಕಿಯ ಬಂಡೆಯ ಮೇಲೆ ಅಶೋಕನೆಂಬ ಹೆಸರೇ ಇತ್ತು.

ಈ ಹೆಸರಿನ ಮಹತ್ವ ತಿಳಿಯಬೇಕಾದರೆ 78 ವರ್ಷ ಹಿಂದಕ್ಕೆ ಹೋಗಬೇಕು. 1837ರಲ್ಲಿ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದಾಗ, ಈ ಪ್ರಿಯದರ್ಶಿಯು ಸಿಂಹಳದ ಅರಸ ದೇವಾನಾಂಪಿಯ ತಿಸ್ಸನಿರಬೇಕೆಂದು ಊಹಿಸಿದರು. ಊಹೆ ತಪ್ಪಾಗಿತ್ತು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್, ಪಾಲಿಯ ದೀಪವಂಸವನ್ನು ನೋಡಿ, ಪ್ರಿಯದರ್ಶಿ ಎಂಬುದು ಚಂದ್ರಗುಪ್ತನ ಮೊಮ್ಮಗ ಅಶೋಕನ ಹೆಸರೆಂದು ತಿಳಿಸಿದರು. ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಪ್ರಿನ್ಸೆಪ್ ತಾವೇ ಸಂಪಾದಕರು. ತಮ್ಮ ತಪ್ಪನ್ನು ಸದ್ದಿಲ್ಲದೆ ಹೂಳಿಬಿಡುವ ಅನುಕೂಲ ಅವರಿಗಿದ್ದಷ್ಟು ಬೇರೆಯವರಿಗೆ ಇರಲಾರದು. ಆದರೂ ತಪ್ಪನ್ನು ಅಚ್ಚುಮಾಡಿದ ಪತ್ರಿಕೆಯಲ್ಲಿಯೇ ಅವರು ತಿದ್ದುಪಡಿಯನ್ನೂ ಅಚ್ಚುಮಾಡಿ, ಅದರ ಯಶಸ್ಸನ್ನು ಟರ್ನರ್ ಅವರಿಗೆ ಸಲ್ಲಿಸಿದರು. (ಪ್ರಿನ್ಸೆಪ್‌ಗೆ ನೆರವಾದ ಪಂಡಿತ ಕಮಲಾಕಾಂತ ವಿದ್ಯಾಲಂಕಾರರ ಹೆಸರನ್ನು ಇಂದಿನ ಪಠ್ಯಪುಸ್ತಕಗಳು ಹೇಳುವುದಿಲ್ಲ. ಶಾಸನಶಾಸ್ತ್ರದ ಚರಿತ್ರೆಯಲ್ಲಿ ಇಂಥ ಪಂಡಿತರಿಗೆ ಸಲ್ಲಬೇಕಾದ ಋಣ ದೊಡ್ಡದು, ಇನ್ನೂ ತೀರಿಲ್ಲ.) ಟರ್ನರ್ ಒಂದು ಗ್ರಂಥದ ಆಧಾರದ ಮೇಲೆ ಹೇಳಿದ್ದನ್ನು ಮಸ್ಕಿಯ ಬಂಡೆ ದೃಢಪಡಿಸಿತು.

ಅದೇ 1915ರಲ್ಲಿ ಲಂಡನ್ನಿನಲ್ಲಿ, ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಕನ್ನಡ ನಾಡಿಗೆ ಸಂಬಂಧಿಸಿದ ಮತ್ತೊಂದು ಬರಹ ಬಂತು. ಮಸ್ಕಿಗೆ ದೊರೆತ ಕೀರ್ತಿ ಅದಕ್ಕೆ ದೊರೆತಿಲ್ಲ. ಸಂಶೋಧನ ಪತ್ರಿಕೆಯೊಂದನ್ನು ನಡೆಸುವವರಿಗೆ ಮಾತ್ರ ಅದರಿಂದ ಕಲಿಯುವುದು ಹೆಚ್ಚು ಎಂಬುದು ನಮ್ಮ ಅನಿಸಿಕೆ.

ಅದರ ಹಿನ್ನೆಲೆ ಹೀಗಿದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಲಂಡನ್ ಮಿಷನ್ ಪಾದ್ರಿಯ ಮಗನಾದ ಬಿ. ಎಲ್. ರೈಸ್, 1872ರಲ್ಲಿ 'ಇಂಡಿಯನ್ ಆ್ಯಂಟಿಕ್ವರಿ'ಯ ಮೊದಲ ಸಂಪುಟದಲ್ಲಿ ಮರ್ಕೆರೆಯ, ಎಂದರೆ ಮಡಿಕೇರಿಯ, ತಾಮ್ರಶಾಸನವನ್ನು ಪ್ರಕಟಿಸಿದರು. ಗಂಗರ ಅವಿನೀತನದೆಂದು ಹೇಳಿಕೊಳ್ಳುವ ಈ ಶಾಸನದಲ್ಲಿ 388 ಎಂಬ ವರ್ಷವಿದೆ. ಅದನ್ನು ಶಕವರ್ಷವೆಂದು ಹಿಡಿದು ರೈಸ್ ಕ್ರಿ.ಶ. 466 ಎಂದು ಎಣಿಸಿದರು. ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳನ್ನು ಹೊರತಂದ ರೈಸ್, ಇಂಥ ತಾಮ್ರಪಟಗಳ ಬಲದಿಂದ ಗಂಗರ ಆರಂಭಕಾಲದ ಅರಸರ ವಂಶಾವಳಿಯನ್ನು ಕಟ್ಟಿದರು.

ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಇದನ್ನು ಒಪ್ಪಲಿಲ್ಲ. ಕನ್ನಡ ಶಾಸನಗಳ ಓದಿನಲ್ಲಿ ಅವರಿಗೆ ಸಮನಾದವರು ಆ ಕಾಲದಲ್ಲಿ ಕಡಿಮೆ. ಅಕ್ಷರಗಳ ರೂಪ ಹೇಳಿದ ಕಾಲಕ್ಕಿಂತ ಎಷ್ಟೋ ಈಚಿನದು, ತಿಥಿವಾರಗಳು ಕೂಡುವುದಿಲ್ಲ, ಮರ್ಕೆರೆಯ ಶಾಸನದಲ್ಲಂತೂ ರಾಷ್ಟ್ರಕೂಟರ ಬಿರುದಾದ ಅಕಾಲವರ್ಷವು ಅವರ ಕಾಲಕ್ಕಿಂತ ಮುಂಚೆಯೇ ಕಾಣಿಸಿಕೊಳ್ಳುತ್ತದೆ ಎಂಬವು ಅವರ ಆಕ್ಷೇಪಣೆಗಳು. ಇವು ಕೂಟಶಾಸನಗಳು, ಭೂಮಿಯ ಹಕ್ಕನ್ನು ಸಾಧಿಸಲು ತರುವಾಯದವರು ಹುಟ್ಟಿಸಿದವು ಎಂದು ಅವರು ವಾದಿಸಿದರು. 1901ರಲ್ಲಿ ಅದೇ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಭಾರತದ ಕೂಟಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದರು. ರೈಸ್ ಬಗ್ಗಲಿಲ್ಲ. ತಮ್ಮ ಸಂಪುಟಗಳ ಪೀಠಿಕೆಗಳಲ್ಲಿ, 1909ರ ಶಾಸನಾಧಾರಿತ ಮೈಸೂರು ಕೊಡಗು ಚರಿತ್ರೆಯಲ್ಲಿ, ಅವರು ತಮ್ಮ ಗಂಗರನ್ನು ಬಿಡದೆ ಉಳಿಸಿಕೊಂಡರು. ವಾದದ ಧ್ವನಿ ಕೆಲವೊಮ್ಮೆ ಕಹಿಯಾಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಶಾಸನವನ್ನು ಪ್ರಕಟಿಸುವಾಗ ಆ ಪತ್ರಿಕೆಗಳು ಸಂಪಾದಕನ ಓದಿನ ಜೊತೆಗೆ ಪಡಿಯಚ್ಚಿನ ಚಿತ್ರವನ್ನೂ ಕೊಡುವ ರೂಢಿಯನ್ನು ಬೆಳೆಸಿದವು. ಸವೆದು ಹೋದ ಅಕ್ಷರವನ್ನು ಆವರಣದಲ್ಲಿಟ್ಟು ತೋರಿಸಿದವು. ಎಂದರೆ ಸಂಪಾದಕನು ತನ್ನನ್ನು ಸೋಲಿಸುವ ಆಯುಧವನ್ನು ತಾನೇ ಓದುಗನ ಕೈಗೆ ಕೊಟ್ಟನು. ಧಾರವಾಡದಲ್ಲಿಯೋ ಲಂಡನ್ನಿನಲ್ಲಿಯೋ ಕುಳಿತವನು ಮೂಲ ತಾಮ್ರಪಟವನ್ನು ಮುಟ್ಟದೆಯೂ, ಅಕ್ಷರದ ಬಾಗನ್ನು ತಾನೇ ನೋಡಿ, 'ಇದು ಹಾಗಲ್ಲ' ಎನ್ನಬಹುದಾಗಿತ್ತು. ಫ್ಲೀಟ್ ರೈಸರನ್ನು ಎದುರಿಸಿದ್ದು ಈ ಬಗೆಯ ಸಾಮಗ್ರಿಯಿಂದಲೇ.

ತರುವಾಯ, ಆಗ ಅನಂತಪುರ ಜಿಲ್ಲೆಯಲ್ಲಿದ್ದ ಪೆನುಕೊಂಡೆಯಿಂದ ಗಂಗ ಮಾಧವನ ತಾಮ್ರಶಾಸನವೊಂದು ಬೆಳಕಿಗೆ ಬಂತು. ಅಯ್ಯವರ್ಮನಿಗೆ ಪಲ್ಲವ ಸಿಂಹವರ್ಮನೂ, ಮಾಧವನಿಗೆ ಪಲ್ಲವ ಸ್ಕಂದವರ್ಮನೂ ಪಟ್ಟ ಕಟ್ಟಿದರೆಂದು ಅದು ಹೇಳುತ್ತದೆ. ಇತ್ತ ಲೋಕವಿಭಾಗವೆಂಬ ಜೈನಗ್ರಂಥವು ಕಂಚಿಯ ಸಿಂಹವರ್ಮನ ಇಪ್ಪತ್ತೆರಡನೆಯ ಆಳ್ವಿಕೆಯ ವರ್ಷವನ್ನು ಶಕ 380ಕ್ಕೆ, ಎಂದರೆ ಕ್ರಿ.ಶ. 458ಕ್ಕೆ, ಸರಿಹೊಂದಿಸುತ್ತದೆ. ಲಿಪಿಯೂ ಕಾಲವೂ ಇಲ್ಲಿ ಕೂಡಿಬಂದವು. ನಾವು ಮೇಲೆ ಹೇಳಿದ 1915ರ ಬರಹ ಫ್ಲೀಟರದು, ಈ ಶಾಸನವನ್ನು ಕುರಿತದ್ದು. ಆರಂಭಕಾಲದ ಗಂಗರ ತಾಮ್ರಪಟಗಳನ್ನು ದಶಕಗಳ ಕಾಲ ಅಲ್ಲಗಳೆಯುತ್ತ ಬಂದಿದ್ದವರು ಅದರಲ್ಲಿ ಪೆನುಕೊಂಡೆಯದನ್ನು ನಿಜವಾದ ಶಾಸನವೆಂದು ಒಪ್ಪಿಕೊಂಡರು. ಎರಡು ವರ್ಷಗಳ ತರುವಾಯ, 1917ರಲ್ಲಿ, ತೀರಿಕೊಂಡರು.

ಅವರು ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡರೆಂದು ತಿಳಿಯಬಾರದು. ಮರ್ಕೆರೆಯ ಶಾಸನದ ಮೇಲಿನ ಸಂಶಯ ಇಂದಿಗೂ ಹೋಗಿಲ್ಲ. ಕೂಟಶಾಸನಗಳ ವಿಷಯದಲ್ಲಿ ಫ್ಲೀಟ್ ಬಹುಮಟ್ಟಿಗೆ ಸರಿ. ಗಂಗರು ಇದ್ದರೆಂಬ ವಿಷಯದಲ್ಲಿ ರೈಸ್ ಸರಿ. ಇಬ್ಬರಲ್ಲಿ ಒಬ್ಬರನ್ನು ಗೆಲ್ಲಿಸಿ ಕಥೆ ಮುಗಿಸುವ ಆಸೆಯನ್ನು ನಾವು ತಡೆದುಕೊಂಡಿದ್ದೇವೆ. ಸಂಶಯಕ್ಕೂ ನಂಬಿಕೆಗೂ ಒಂದೇ ಕಟ್ಟಳೆ ಅನ್ವಯಿಸಿತು, ಸಂಶಯಪಟ್ಟವನೂ ಸಾಕ್ಷ್ಯದ ಮುಂದೆ ತಲೆಬಾಗಬೇಕಾಯಿತು ಎಂಬುದಷ್ಟೇ ನಮಗೆ ಮುಖ್ಯ.

ದೈವಶಾಸ್ತ್ರದ ಓದುಗರಿಗೆ ಇದು ಪರಿಚಿತವೆನಿಸಬಹುದು. ಏಕೆಂದರೆ ಪತ್ರಪರೀಕ್ಷೆಯ ಶಾಸ್ತ್ರವೇ ಧರ್ಮಸಭೆಯ ಒಳಜಗಳವೊಂದರಿಂದ ರೂಪುಗೊಂಡದ್ದು. 1440ರಲ್ಲಿ ಲೊರೆಂಜೊ ವಲ್ಲಾ, ಚಕ್ರವರ್ತಿ ಕಾನ್‌ಸ್ಟಂಟೈನನು ಜಗದ್ಗುರುಗಳಿಗೆ ಕೊಟ್ಟನೆಂಬ ದಾನಪತ್ರದ ಲತೀನ್ ಭಾಷೆ ಆ ಕಾಲದ್ದಲ್ಲವೆಂದು ತೋರಿಸಿದ್ದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಫ್ಲೀಟ್ ಪ್ರಸಂಗಕ್ಕೆ ಇನ್ನೂ ಹತ್ತಿರವಾದದ್ದು 17ನೆಯ ಶತಮಾನದ ಇನ್ನೊಂದು ಪ್ರಸಂಗ. ಆಂಟ್‌ವರ್ಪಿನಲ್ಲಿ ಸಂತರ ಚರಿತ್ರೆಗಳನ್ನು ಸಂಪಾದಿಸುತ್ತಿದ್ದ ಯೇಸುಸಭೆಯ ಡೇನಿಯಲ್ ಪಾಪೆಬ್ರೋಕ್, 1675ರಲ್ಲಿ ಫ್ರಾನ್ಸಿನ ಪ್ರಾಚೀನ ಮಠಗಳ ದಾನಪತ್ರಗಳ ಮೇಲೆ ಸಂಶಯ ತೋರಿ, ಹಳೆಯದಾದಷ್ಟೂ ನಂಬಲಾಗದು ಎಂಬಲ್ಲಿಗೆ ಬಂದರು. ಸಂತ ಬೆನೆಡಿಕ್ಟರ ಸಭೆಗೆ ಇದು ಅವಮಾನವೂ ಹೌದು, ಆಸ್ತಿಯ ಪ್ರಶ್ನೆಯೂ ಹೌದು. ಆ ಸಭೆಯ ಜೀನ್ ಮಾಬಿಯೋನ್ ಬೈಗುಳದಿಂದ ಉತ್ತರಿಸಲಿಲ್ಲ. ಆರು ವರ್ಷಗಳ ತರುವಾಯ, 1681ರಲ್ಲಿ, ಲಿಪಿ, ಮುದ್ರೆ, ಶೈಲಿ, ಕಾಲನಿರ್ದೇಶಗಳಿಂದ ನಿಜಪತ್ರವನ್ನು ಕೂಟಪತ್ರದಿಂದ ಬೇರ್ಪಡಿಸುವ ಕ್ರಮವನ್ನು ಮಾದರಿ ಚಿತ್ರಗಳ ಸಹಿತ ಒಂದು ಗ್ರಂಥವಾಗಿ ಹೊರತಂದರು. ಅದನ್ನು ಓದಿದ ಪಾಪೆಬ್ರೋಕ್, ತಮ್ಮ ವಾದದ ಖಂಡನೆಯನ್ನು ಕಂಡು ಮೊದಲು ನೋವಾಯಿತೆಂದೂ, ಓದುತ್ತ ಹೋದಂತೆ ಸಂತೋಷವೇ ಮೇಲಾಯಿತೆಂದೂ ಮಾಬಿಯೋನರಿಗೆ ಪತ್ರ ಬರೆದರು.

ಅದೇ ಪಾಪೆಬ್ರೋಕ್, ಕಾರ್ಮೆಲ್ ಸಭೆಯ ಮೂಲವು ಪ್ರವಾದಿ ಎಲೀಯನವರೆಗೆ ಹೋಗುತ್ತದೆಂಬ ಹೇಳಿಕೆಗೆ ಆಧಾರವಿಲ್ಲ ಎಂದುದಕ್ಕಾಗಿ, 1695ರಲ್ಲಿ ಅವರ ಸಂಪುಟಗಳನ್ನು ಸ್ಪೇನಿನ ಧರ್ಮವಿಚಾರಣಾಸಭೆ ನಿಷೇಧಿಸಿತು. ತಮ್ಮ ಮೂಲವನ್ನು ಹಳೆಯದಾಗಿಸಿಕೊಳ್ಳುವ ಆಸೆ ಗಂಗರಿಗೆ ಮಾತ್ರ ಇದ್ದದ್ದಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಪ್ರಕಟಿತ ಲೇಖನಗಳ ಎಣಿಕೆ ಸೇರಿದಂದಿನಿಂದ ಹಣ ಪಡೆದು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಮ್ಮ ದೇಶದಲ್ಲಿ ಹೆಚ್ಚಿದವು. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಮೇ ತಿಂಗಳಲ್ಲಿ ತನ್ನ ಅಂಗೀಕೃತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಮರುವರ್ಷ 'ಕೇರ್' ಎಂಬ ಹೊಸ ಪಟ್ಟಿ ಬಂತು. 2025ರಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಗುಣವನ್ನು ಅಳೆಯುವ ಹೊಣೆಯನ್ನು ಸಂಸ್ಥೆಗಳಿಗೇ ಒಪ್ಪಿಸಲಾಯಿತು. 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಶೇಕಡ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಮುಂದೆ 40, 60 ಎಂದು ಮೆಟ್ಟಿಲುಗಳಿವೆ.

ಈ ನಿಯಮಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇನ್ನೊಬ್ಬರ ಮಾತನ್ನು ತನ್ನದೆಂದು ಒಪ್ಪಿಸುವುದು ಎಂಟನೆಯ ಕಟ್ಟಳೆಯನ್ನೂ ಏಳನೆಯ ಕಟ್ಟಳೆಯನ್ನೂ ಒಟ್ಟಿಗೆ ಮುರಿಯುವ ಕೆಲಸ. ಆದರೆ ಯಂತ್ರ ಅಳೆಯುವುದು ಮಾತಿನ ಹೋಲಿಕೆಯನ್ನು. ನಮ್ಮ ವಿದ್ಯಾರ್ಥಿಯ ಪ್ರಬಂಧದಲ್ಲಿ ಕದ್ದ ವಾಕ್ಯ ಒಂದೂ ಇರಲಿಲ್ಲ. ಆತ 1557 ಎಂಬುದನ್ನು ತನ್ನದೇ ಸೊಗಸಾದ ಕನ್ನಡದಲ್ಲಿ, ಮೂಲವನ್ನು ನೋಡದೆ, ಬರೆದಿದ್ದರು. ಅಂಥ ಲೇಖನ ಎಲ್ಲ ಪಟ್ಟಿಗಳನ್ನೂ ಎಲ್ಲ ಯಂತ್ರಗಳನ್ನೂ ದಾಟಿ ಬರುತ್ತದೆ; ಮುಂದಿನವರು ಅದನ್ನು ನಾಲ್ಕನೆಯ ಆಧಾರವೆಂದು ಎಣಿಸಿಕೊಳ್ಳುತ್ತಾರೆ. ನಮ್ಮಂಥ ಸಣ್ಣ ಪತ್ರಿಕೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬರೆಯುವವರು, ಪರಿಶೀಲಿಸುವವರು, ಓದುವವರು ಎಲ್ಲರೂ ಒಂದೇ ಮನೆಯವರು. ಧರ್ಮಕೇಂದ್ರವೊಂದರ ಹಿರಿಮೆಯನ್ನು ಹೇಳುವ ಲೇಖನವನ್ನು ತಡೆದರೆ ಹಿರಿಯರಿಗೆ ಬೇಸರ. ನಾವೂ ಹಿಂದೆ ಅಂಥ ವರ್ಷಗಳನ್ನು ಕೇಳದೆ ಬಿಟ್ಟದ್ದುಂಟು. ಏಳು ವರ್ಷಗಳ ಹಿಂದೆ ನಾವೇ ಬರೆದ ಲೇಖನವೊಂದರಲ್ಲಿ ಎರಡನೆಯ ಕೈಯ ಪುಸ್ತಕದಿಂದ ತೆಗೆದುಕೊಂಡ ಪತ್ರವನ್ನು ಮೂಲದಲ್ಲಿಯೇ ಕಂಡಂತೆ ಸೂಚಿಸಿದ್ದೇವೆ. ಯಾರೂ ಕೇಳಲಿಲ್ಲ, ನಾವು ಹೇಳಲೂ ಇಲ್ಲ. ಈ ಸಂಚಿಕೆಯ ಕೊನೆಯ ಪುಟದಲ್ಲಿ ಆ ತಿದ್ದುಪಡಿ ಅಚ್ಚಾಗುತ್ತಿದೆ.

ಮುದಗಲ್ಲಿನ ಸಮುದಾಯ ಹಳೆಯದಲ್ಲವೆಂದು ನಾವು ಹೇಳುತ್ತಿಲ್ಲ. ಬಿಜಾಪುರದ ಆದಿಲ್‌ಶಾಹಿಗಳ ನಾಡಿಗೂ ಗೋವೆಗೂ ಇದ್ದ ನಂಟನ್ನು ನೋಡಿದರೆ ಆ ಕಾಲದಲ್ಲಿ ಗುರುಗಳು ಅಲ್ಲಿಗೆ ಬಂದಿದ್ದರೆಂಬುದು ಅಸಂಭವವೇನಲ್ಲ. ಪೆನುಕೊಂಡೆಯ ತಾಮ್ರಪಟದಂತೆ, ನಾಳೆ ಒಂದು ಪತ್ರವೋ ಸಮಾಧಿಯ ಕಲ್ಲೋ ದೊರೆತು 1557ನ್ನೇ ದೃಢಪಡಿಸಬಹುದು.

ವಿದ್ಯಾರ್ಥಿಯು ಪ್ರಬಂಧವನ್ನು ಮತ್ತೆ ಬರೆದುಕೊಟ್ಟಿದ್ದಾರೆ. ಮೊದಲ ವಾಕ್ಯದಲ್ಲಿ 'ಸ್ಥಾಪಿತವಾಯಿತು' ಎಂಬುದು ಹೋಗಿ, 'ಸ್ಥಾಪಿತವಾಯಿತೆಂದು ಹೇಳಿಕೆ' ಎಂದು ಬಂದಿದೆ. ದೇವಾಲಯದ ಆವರಣದಲ್ಲಿರುವ ಹಳೆಯ ಕಲ್ಲುಬರಹಗಳ ಛಾಯಾಚಿತ್ರಗಳನ್ನು, ಓದಲಾಗದ ಅಕ್ಷರಗಳನ್ನು ಆವರಣದಲ್ಲಿಟ್ಟು, ಅವರು ಜೊತೆಗಿಟ್ಟಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅವು ಪ್ರಬಂಧದೊಡನೆ ಪೂರ್ಣವಾಗಿ ಅಚ್ಚಾಗುತ್ತವೆ. ನಮಗಿಂತ ಚೆನ್ನಾಗಿ ಓದಬಲ್ಲವರು ಬರೆದು ತಿಳಿಸಿದರೆ, ಅದನ್ನು ಅದರ ಮುಂದಿನ ಸಂಚಿಕೆಯಲ್ಲಿ ಅವರ ಹೆಸರಿನಿಂದಲೇ ಪ್ರಕಟಿಸುತ್ತೇವೆ.