ಮನೆಯೊಳಗೆ ಕಾರ್ ಸ್ಟೀರಿಯೊ: ಮೊದಲು ವಿದ್ಯುತ್ತಿನ ಲೆಕ್ಕ

ಹಾವೇರಿ ತಾಲ್ಲೂಕಿನ ಗುತ್ತಲದ ಸುತ್ತಿನ ಹೊಲದ ದಾರಿಗಳಲ್ಲಿ ಟ್ರ್ಯಾಕ್ಟರ್ ಬರುವ ಮುನ್ನ ಅದರ ಹಾಡು ಬರುತ್ತದೆ. ವಾಹನ ಮಾರಿದಾಗಲೋ ಹೊಸ ಸೆಟ್ ಕೂಡಿಸಿದಾಗಲೋ ಹಳೆಯ ಸ್ಟೀರಿಯೊ ಅಟ್ಟ ಸೇರುವುದು ವಾಡಿಕೆ. ಅದನ್ನು ಪಡಸಾಲೆಯಲ್ಲಿ ಹಾಡಿಸಬಹುದು. ಆದರೆ ಅದಕ್ಕೆ ಉಣಿಸುವ ವಿದ್ಯುತ್ತು ತಪ್ಪಿದರೆ ಸೆಟ್ ಸುಡುತ್ತದೆ. ಕೆಲವೊಮ್ಮೆ ಮನೆಗೂ ಅಪಾಯ.

ಮನೆಯ ಸಾಕೆಟ್‌ನಲ್ಲಿರುವುದು 230 ವೋಲ್ಟ್ ಎ.ಸಿ. ಸ್ಟೀರಿಯೊಗೆ ಬೇಕಾದದ್ದು 12 ವೋಲ್ಟ್ ಡಿ.ಸಿ. ವೋಲ್ಟ್ ಸರಿಯಿದ್ದರಷ್ಟೇ ಸಾಲದು, ಆಂಪಿಯರ್ ಕೂಡ ಸಾಲಬೇಕು. ಒಂದೆರಡು ಆಂಪಿಯರ್‌ನ ಅಡಾಪ್ಟರ್ ಜೋಡಿಸಿದರೆ ದೀಪ ಹೊತ್ತುತ್ತದೆ, ದನಿ ಏರಿಸಿದೊಡನೆ ಸೆಟ್ ಆರಿಹೋಗುತ್ತದೆ. ಸೆಟ್ಟೇ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಒಯ್ಯುವವರೂ ಉಂಟು! ಮನೆಯ ಮಟ್ಟಿನ ದನಿಗೆ 12 ವೋಲ್ಟ್, 5 ಆಂಪಿಯರ್‌ನ ಎಸ್‌ಎಂಪಿಎಸ್ ಸಾಕು. 10 ಆಂಪಿಯರ್‌ನದಾದರೆ ನಿಶ್ಚಿಂತೆ. ಡಬ್ಬದ ಮೇಲಿನ ‘50 ವ್ಯಾಟ್ × 4’ ಕ್ಷಣಮಾತ್ರದ ಗರಿಷ್ಠ ಲೆಕ್ಕವೇ ಹೊರತು ದಿನವಿಡೀ ಸಿಗುವ ಶಕ್ತಿಯಲ್ಲ.

12 ವೋಲ್ಟ್ ಎಂದು ಬರೆದ ಟ್ರಾನ್ಸ್‌ಫಾರ್ಮರ್‌ಗೆ ಡಯೋಡ್, ಕೆಪಾಸಿಟರ್ ಬೆಸೆದು ಕೊಡುವ ಹಳೆಯ ಪದ್ಧತಿ ಈ ಕೆಲಸಕ್ಕೆ ಯೋಗ್ಯವಲ್ಲ. ಸೆಟ್ ಸುಮ್ಮನಿರುವಾಗ ಅಲ್ಲಿ 16 ವೋಲ್ಟ್‌ಗೂ ಮಿಕ್ಕಿ ಏರುತ್ತದೆ. ಇನ್ನು ಜಾಲರಿ ಕವಚದ ಎಸ್‌ಎಂಪಿಎಸ್‌ನಲ್ಲಿ 230 ವೋಲ್ಟ್‌ನ ಸ್ಕ್ರೂಗಳು ಬೆರಳಿಗೆ ಸಿಗುವಂತಿರುತ್ತವೆ. ಅರ್ಥಿಂಗ್ ಕೊಟ್ಟು, ಗಾಳಿಯಾಡುವ ಪೆಟ್ಟಿಗೆಯೊಳಗೆ, ಮಕ್ಕಳ ಕೈಗೆಟುಕದಂತೆ ಇಡುವುದು ಅಗತ್ಯ.

ಸಾಮಾನ್ಯವಾಗಿ ಕಪ್ಪು ತಂತಿ ನೆಗೆಟಿವ್. ಹಳದಿ, ಕೆಂಪು ಎರಡೂ ಪಾಸಿಟಿವ್. ಹಳದಿಯದು ಗಡಿಯಾರ ಹಾಗೂ ನಿಲಯಗಳ ನೆನಪನ್ನು ಕಾಯುತ್ತದೆ. ಕೆಂಪಿಗೆ ಸ್ವಿಚ್ ಹಾಕಬೇಕು. ಎರಡನ್ನೂ ಒಂದೇ ಸ್ವಿಚ್‌ಗೆ ಕಟ್ಟಿದರೆ ಆರಿಸಿದಾಗಲೆಲ್ಲ ನೆನಪು ಅಳಿಯುತ್ತದೆ. ಅಗ್ಗದ ಸೆಟ್‌ಗಳಲ್ಲಿ ಬಣ್ಣ ಬದಲಾಗಿರಬಹುದಾದ್ದರಿಂದ ಮೇಲಿನ ಚೀಟಿ ನೋಡುವುದು ಒಳಿತು.

ಸ್ಪೀಕರ್‌ನ ನೆಗೆಟಿವ್ ತಂತಿಗಳನ್ನು ಒಂದಕ್ಕೊಂದು ಹೊಸೆಯಬಾರದು, ಸೆಟ್‌ನ ಲೋಹದ ಮೈಗೂ ತಾಗಿಸಬಾರದು. ಇಂದಿನ ಹೆಚ್ಚಿನ ಸೆಟ್‌ಗಳ ಆಂಪ್ಲಿಫೈಯರ್ ಇದರಿಂದಲೇ ಸುಡುತ್ತದೆ. 4 ಓಮ್‌ನ ಸ್ಪೀಕರನ್ನು ಬರಿದೇ ನೆಲದ ಮೇಲಿಟ್ಟರೆ ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗಿ ದನಿ ತೆಳುವಾಗುತ್ತದೆ. ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿದರೆ ಅದೇ ಸ್ಪೀಕರ್ ಗುರುತು ಸಿಗದಷ್ಟು ಬದಲಾಗುತ್ತದೆ.

ಕರೆಂಟ್ ಹೋದಾಗ ಮನೆಯ ಯುಪಿಎಸ್ ಬ್ಯಾಟರಿಯಿಂದಲೂ ಸೆಟ್ ಹಾಡಬಲ್ಲದು, ಅದು 12 ವೋಲ್ಟ್‌ನ ಒಂಟಿ ಬ್ಯಾಟರಿಯಾಗಿದ್ದರೆ ಮಾತ್ರ. ಎರಡು ಬ್ಯಾಟರಿ ಸೇರಿಸಿದ 24 ವೋಲ್ಟ್ ವ್ಯವಸ್ಥೆಗೆ ಕೈ ಹಾಕದಿರುವುದೇ ಲೇಸು. ಪಾಸಿಟಿವ್ ಕಂಬದ ಹತ್ತಿರವೇ 10 ಆಂಪಿಯರ್ ಫ್ಯೂಸ್ ಇರಬೇಕು. ಇಲ್ಲವಾದಲ್ಲಿ ತಂತಿ ಉಜ್ಜಿ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಹರಿಸಿ ತಂತಿಗೆ ಬೆಂಕಿ ಹಚ್ಚುತ್ತದೆ.

1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳಿ ಬೆಳೆದವರು ಈ ಭಾಗದಲ್ಲಿ ಬಹಳ. ಆ ಬ್ಯಾಂಡ್ ಇರುವ ಹಳೆಯ ಸೆಟ್ ಸಿಕ್ಕಿದರೆ, ಎಸ್‌ಎಂಪಿಎಸ್ ಹತ್ತಿರವಿದ್ದಾಗ ಕೇಳುವ ಗುಂಯ್‌ಗುಟ್ಟುವಿಕೆ ಬ್ಯಾಟರಿಗೆ ಬದಲಿಸಿ ಎಸ್‌ಎಂಪಿಎಸ್ ಆರಿಸಿದಾಗ ನಿಂತುಹೋಗುತ್ತದೆ.